ಗಾಡಿಗೇ ಬಿಗಿಯುವ ಗಾಳಿ ಪಂಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸಬೇಕು ಅನ್ನುವುದು ಫೋರ್‌ವೀಲ್ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು. ಡಾಂಬರು ರಸ್ತೆಗೆ ಬಂದ ಮೇಲೆ ಅದನ್ನು ಮತ್ತೆ ತುಂಬಿಸುವ ಕೆಲಸವೇ ತಲೆನೋವು. ಗಾಡಿಯಲ್ಲೇ ಕೂರಿಸುವ 12 ವೋಲ್ಟ್ ಕಂಪ್ರೆಸರ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಥಾರ್, ಟೈರ್ 255/65 ಆರ್ 18. ಮಳೆಗಾಲದಲ್ಲಿ ತೋಟದ ದಾರಿಗೆ 18 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಗಾಳಿ ಒತ್ತಡದ ಅಳತೆ) ಇಳಿಸಿಕೊಳ್ಳುತ್ತೇನೆ. ಮೇನ್ ರೋಡಿಗೆ ಬಂದ ಮೇಲೆ ಸಿಗರೇಟ್ ಲೈಟರಿಗೆ ಚುಚ್ಚುವ ಪಂಪಿನಲ್ಲಿ ನಾಲ್ಕೂ ಟೈರ್ 32ಕ್ಕೆ ತರಲು ಅರ್ಧ ಗಂಟೆ ಹಿಡಿಯುತ್ತದೆ. ಮೂರನೇ ಟೈರಿಗೆ ಬರುವಷ್ಟರಲ್ಲಿ ಪಂಪು ಮುಟ್ಟಲಾಗದಷ್ಟು ಬಿಸಿ. ಡಬ್ಬದ ಮೇಲೆ 150 ಪಿಎಸ್‌ಐ ಎಂದಿದೆ. 300 ಪಿಎಸ್‌ಐ ಎಂದು ಬರೆದಿರುವುದನ್ನು ತಂದರೆ ಬೇಗ ತುಂಬುತ್ತದೆಯೇ?
— ಸಕಲೇಶಪುರದಿಂದ

ಉತ್ತರ: ತುಂಬುವುದಿಲ್ಲ. ಡಬ್ಬದ ಮೇಲಿನ ಪಿಎಸ್‌ಐ ಅಂದರೆ ಪಂಪು ಏದುಸಿರು ಬಿಡುತ್ತ ಕಟ್ಟಕಡೆಗೆ ಮುಟ್ಟುವ ಒತ್ತಡ. ನಿಮಗೆ ಬೇಕಾದದ್ದು 32. ಪಂಪ್‌ಸೆಟ್ ಕೊಳ್ಳುವಾಗ ಎಷ್ಟು ಅಡಿ ಮೇಲಕ್ಕೆತ್ತುತ್ತದೆ ಎಂದಷ್ಟೇ ಕೇಳಿ, ಗಂಟೆಗೆ ಎಷ್ಟು ನೀರು ಎಂದು ಕೇಳದೆ ಬಂದ ಹಾಗೆ ಇದು.

ಮೊದಲು ನಿಮ್ಮ ಟೈರಿನ ಲೆಕ್ಕ ನೋಡೋಣ. ಈ ಅಳತೆಯ ಟೈರಿನ ಒಳಗೆ ಸುಮಾರು 65 ಲೀಟರ್ ಜಾಗ ಇದೆ. ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ. 18ರಿಂದ 32ಕ್ಕೆ ಏರಿಸುವುದು ಅಂದರೆ 14 ಪಿಎಸ್‌ಐ ಹೆಚ್ಚಿಸುವುದು, ಅಂದರೆ ಹೊರಗಿನ ಗಾಳಿ ಹೆಚ್ಚುಕಡಿಮೆ 62 ಲೀಟರ್ ಒಳಗೆ ಹೋಗಬೇಕು. ನಾಲ್ಕು ಟೈರಿಗೆ 250 ಲೀಟರ್. ಲೈಟರ್ ಪಂಪಿನ ಡಬ್ಬದಲ್ಲಿ ನಿಮಿಷಕ್ಕೆ 35 ಲೀಟರ್ ಎಂದಿದ್ದರೂ ಅದು ಪೈಪಿನ ತುದಿ ಬಯಲಿಗೆ ಬಿಟ್ಟಾಗಿನ ಲೆಕ್ಕ. ಎದುರಿಗೆ 30 ಪಿಎಸ್‌ಐ ಒತ್ತಡ ನಿಂತಾಗ ಅದರಲ್ಲಿ ಅರ್ಧವೂ ಉಳಿಯುವುದಿಲ್ಲ. 12 ಲೀಟರ್ ಉಳಿಯಿತು ಅಂದುಕೊಳ್ಳಿ, ಒಂದು ಟೈರಿಗೆ ಐದು ನಿಮಿಷ, ನಡುವೆ ಪಂಪು ತಣ್ಣಗಾಗಲು ಬಿಟ್ಟರೆ ನಿಮ್ಮ ಅರ್ಧ ಗಂಟೆಯ ಲೆಕ್ಕ ಸರಿಹೋಗುತ್ತದೆ. ಲೈಟರ್ ಸಾಕೆಟ್ಟಿನ ಫ್ಯೂಸ್ 10 ಅಥವಾ 15 ಆಂಪಿಯರ್, ಅಂದರೆ 120ರಿಂದ 180 ವಾಟ್. ಆ ಸಾಕೆಟ್ಟಿಗೆ ಎಂಥ ಪಂಪು ಚುಚ್ಚಿದರೂ ಕೆಲಸ ಮಾಡಲು ಸಿಗುವ ಶಕ್ತಿ ಅಷ್ಟೇ.

ಅಂಗಡಿಯಲ್ಲಿ ಕೇಳಬೇಕಾದದ್ದು ಮೂರು ವಿಷಯ. ಸುಮಾರು 30 ಪಿಎಸ್‌ಐ ಒತ್ತಡದ ಎದುರು ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ, ಆಗ ಎಷ್ಟು ಆಂಪಿಯರ್ ಎಳೆಯುತ್ತದೆ, ಬಿಡುವಿಲ್ಲದೆ ಎಷ್ಟು ಹೊತ್ತು ಓಡಬಲ್ಲದು. ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಎಂದು ಕೊಟ್ಟಿದ್ದರೆ 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಒಳ್ಳೆಯ ಕಂಪನಿಗಳು ಈ ಅಂಕಿಗಳನ್ನು ಮುಚ್ಚಿಡುವುದಿಲ್ಲ. ಉದಾಹರಣೆಗೆ ಎಆರ್‌ಬಿಯ ಒಂಟಿ ಮೋಟಾರಿನ ಸಿಕೆಎಂಎ12 ಬಯಲಿಗೆ 75 ಲೀಟರ್, 29 ಪಿಎಸ್‌ಐ ಎದುರು ಸುಮಾರು 62 ಲೀಟರ್ ಕೊಡುತ್ತದೆ, ಎಳೆಯುವುದು 20 ಆಂಪಿಯರ್ ಆಸುಪಾಸು. ಅದೇ ಕಂಪನಿಯ ಜೋಡಿ ಮೋಟಾರಿನದು 29 ಪಿಎಸ್‌ಐಯಲ್ಲಿ ಸುಮಾರು 132 ಲೀಟರ್. ಅದರ ಹೊಟ್ಟೆಬಾಕತನವೂ ಹಾಗೇ, ಒತ್ತಡ ಏರಿದಾಗ 60 ಆಂಪಿಯರ್ ದಾಟುತ್ತದೆ. ಬಯಲಿನ ಅಂಕಿಗೂ ಒತ್ತಡದ ಅಂಕಿಗೂ ಇರುವ ಅಂತರ ನೋಡಿ. ಒಂದೇ ಅಂಕಿ ಕೊಟ್ಟು ಸುಮ್ಮನಾಗುವ ಡಬ್ಬವನ್ನು ನಂಬಬೇಡಿ.

ನಿಮ್ಮ ಕೆಲಸಕ್ಕೆ 30 ಪಿಎಸ್‌ಐಯಲ್ಲಿ 55–60 ಲೀಟರ್ ಕೊಡುವ ಒಂಟಿ ಮೋಟಾರಿನದು ಸಾಕು. ಲೆಕ್ಕದ ಪ್ರಕಾರ ಟೈರಿಗೆ ಒಂದು ನಿಮಿಷ. ಪೈಪು, ವಾಲ್ವ್ ಪಿನ್ನಿನಲ್ಲಿ ಗಾಳಿ ಇಕ್ಕಟ್ಟಾಗುವುದರಿಂದ ನಿಜದಲ್ಲಿ ಒಂದೂವರೆ, ಎರಡು ನಿಮಿಷ. ಎಂಟು ಹತ್ತು ನಿಮಿಷಕ್ಕೆ ಹೊರಡಬಹುದು. ಜೋಡಿ ಮೋಟಾರಿಗೆ ಹಣ ಸುರಿಯುವ ಅಗತ್ಯ ಈ ಅಳತೆಯ ಟೈರಿಗೆ ಕಾಣುವುದಿಲ್ಲ.

ತೋಟದಲ್ಲಿ ಪಿಕಪ್ಪೂ ಇದ್ದರೆ ಇನ್ನೊಂದು ದಾರಿ ಇದೆ. ಪಂಪನ್ನು ಗಟ್ಟಿ ಪೆಟ್ಟಿಗೆಯೊಳಗೆ ಬೋಲ್ಟ್ ಹಾಕಿ ಕೂರಿಸಿ, 50 ಆಂಪಿಯರ್‌ನ ಆಂಡರ್ಸನ್ ಪ್ಲಗ್ (ದೊಡ್ಡ ಕರೆಂಟಿಗೆಂದೇ ಇರುವ ಪ್ಲಗ್) ಕೊಡಿ. ಎರಡೂ ಗಾಡಿಯ ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರ್ ಎಳೆದು ಮುಂಭಾಗದಲ್ಲಿ ಜೊತೆ ಪ್ಲಗ್ ಬಿಟ್ಟಿರಿ. ಒಂದೇ ಪಂಪು ಎರಡೂ ಕಡೆ ದುಡಿಯುತ್ತದೆ, ಬಾನೆಟ್ಟಿನ ಕಾವೂ ಅದಕ್ಕೆ ತಾಗುವುದಿಲ್ಲ. ಓಡಿಸುವಾಗ ಮುಚ್ಚಳ ತೆರೆದಿಡಬೇಕು ಅನ್ನುವುದೊಂದೇ ಷರತ್ತು.

ಪ್ರಶ್ನೆ: ಜಿಪ್ಸಿಯ ಬಾನೆಟ್ಟಿನೊಳಗೆ 30 ಆಂಪಿಯರ್ ಪಂಪು ಹಾಕಿಸಿದ್ದೇನೆ. ಎಲೆಕ್ಟ್ರಿಷಿಯನ್ ಮನೆ ವೈರಿಂಗಿನ ಒಂದೂವರೆ ಎಂಎಂ ವೈರ್ ಎಳೆದು, ಸ್ವಿಚ್ಚನ್ನು ನೇರ ಆ ವೈರಿನಲ್ಲೇ ಕೊಟ್ಟಿದ್ದಾರೆ. ಎರಡು ಟೈರ್ ಚೆನ್ನಾಗಿ ತುಂಬುತ್ತದೆ, ಮೂರನೆಯದಕ್ಕೆ ಪಂಪು ಮುಲುಗುಟ್ಟುತ್ತದೆ, ಸ್ವಿಚ್ಚು ಬಿಸಿಯಾಗಿ ವಾಸನೆ ಬರುತ್ತದೆ. ಪಂಪು ಕೆಟ್ಟದ್ದೇ?
— ಮಡಿಕೇರಿಯಿಂದ

ಉತ್ತರ: ಪಂಪಿನ ತಪ್ಪಿರಲಾರದು, ವೈರಿನದು. ಇವತ್ತಿನಿಂದಲೇ ಆ ಸ್ವಿಚ್ ಬಳಸುವುದನ್ನು ನಿಲ್ಲಿಸಿ. ವಾಸನೆ ಬಂದ ಮೇಲೆ ಬರುವುದು ಬೆಂಕಿಯೇ.

ಬ್ಯಾಟರಿಯಿಂದ ಪಂಪಿಗೆ ಎರಡು ಮೀಟರ್, ವಾಪಸ್ ಎರಡು ಮೀಟರ್ ಎಂದಿಟ್ಟುಕೊಳ್ಳಿ. 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದಾಗ ದಾರಿಯಲ್ಲೇ 1.4 ವೋಲ್ಟ್ ಸೋರಿಹೋಗುತ್ತದೆ. ವೈರ್ ಕಾದಂತೆಲ್ಲ ಇನ್ನೂ ಹೆಚ್ಚು. ಅದೇ ಜಾಗಕ್ಕೆ 6 ಚದರ ಮಿ.ಮೀ. ಹಾಕಿದರೆ ಸೋರುವುದು 0.35 ವೋಲ್ಟ್. ವೋಲ್ಟೇಜ್ ಬಿದ್ದರೆ ಮೋಟಾರು ನಿಧಾನವಾಗುತ್ತದೆ, ಒಂದೊಂದು ಟೈರಿಗೂ ಹೆಚ್ಚು ಹೊತ್ತು ಓಡುತ್ತದೆ, ಅದರ ತಂಪಿನ ಫ್ಯಾನ್ ಕೂಡ ಸೊರಗುತ್ತದೆ. ಮೂರನೇ ಟೈರಿಗೆ ಅದು ಮುಲುಗುಟ್ಟುವುದು ಇದರಿಂದ.

ಸರಿಯಾದ ಕ್ರಮ ಹೀಗೆ. ಬ್ಯಾಟರಿಯ ಪ್ಲಸ್ಸಿನಿಂದ 6 ಚದರ ಮಿ.ಮೀ. ಆಟೋ ಕೇಬಲ್. ಮನೆಯ ಪಿವಿಸಿ ವೈರ್ ಬಾನೆಟ್ಟಿನ ಕಾವಿಗೂ ಆಯಿಲಿಗೂ ಬಾಳುವುದಿಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪಿಯರ್‌ನ ದೊಡ್ಡ ಬ್ಲೇಡ್ ಫ್ಯೂಸ್ ಇರಲಿ. ಫ್ಯೂಸ್ ಇರುವುದು ಪಂಪು ಕಾಯಲಿಕ್ಕೆಂದು ಹಲವರ ನಂಬಿಕೆ. ಅದು ಕಾಯುವುದು ವೈರನ್ನು. ವೈರು ಎಲ್ಲಿ ಉಜ್ಜಿ ಬಾಡಿಗೆ ತಾಗಿದರೂ ಫ್ಯೂಸ್ ಅದಕ್ಕಿಂತ ಮುಂಚೆ ಇರಬೇಕು. ಪಂಪಿನ ಪಕ್ಕದಲ್ಲಿ ಕೂರಿಸಿದ ಫ್ಯೂಸ್ ಇದ್ದೂ ಇಲ್ಲದ ಹಾಗೆ.

ಫ್ಯೂಸಿನಿಂದ 40 ಆಂಪಿಯರ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಕಾಲಿಗೆ, 87ರಿಂದ ಪಂಪಿಗೆ. ಡ್ಯಾಶಿನ ಸ್ವಿಚ್ಚಿಗೆ ಇಗ್ನಿಷನ್ ಲೈನಿನಿಂದ ಸಣ್ಣ ವೈರ್ ಕೊಟ್ಟು, ಅಲ್ಲಿಂದ ಪ್ರೆಶರ್ ಸ್ವಿಚ್ (ನಿಗದಿತ ಒತ್ತಡಕ್ಕೆ ಪಂಪು ನಿಲ್ಲಿಸುವ ಸ್ವಿಚ್) ಮೂಲಕ ರಿಲೇಯ 86ಕ್ಕೆ ತನ್ನಿ. 85 ಅರ್ತಿಗೆ. ಡ್ಯಾಶಿನ ಸ್ವಿಚ್ಚಿನಲ್ಲಿ ಆಗ ಹರಿಯುವುದು ಒಂದು ಆಂಪಿಯರಿಗಿಂತ ಕಡಿಮೆ. ಕೀ ತೆಗೆದರೆ ಪಂಪೂ ನಿಲ್ಲುತ್ತದೆ, ಮರೆತು ಬ್ಯಾಟರಿ ಬರಿದಾಗುವ ಭಯವಿಲ್ಲ.

ಅರ್ತ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಎಲ್ಲರೂ ಪ್ಲಸ್ ವೈರನ್ನು ದಪ್ಪಗೆ ಎಳೆದು ಅರ್ತನ್ನು ಹತ್ತಿರದ ಸ್ಕ್ರೂಗೆ ಸುತ್ತಿ ಕೈತೊಳೆದುಕೊಳ್ಳುತ್ತಾರೆ. ಹೋದಷ್ಟೇ ಕರೆಂಟ್ ವಾಪಸ್ ಬರಬೇಕು. ಅದೇ ದಪ್ಪದ ವೈರ್, ಪೇಂಟ್ ಕೆರೆದು ಲೋಹ ಕಾಣುವ ಜಾಗ, ಒತ್ತಿ ಕೂರಿಸಿದ ಲಗ್, ಮೇಲೆ ಗ್ರೀಸ್. ಮುಗಿದ ಮೇಲೆ ಎಂಜಿನ್ ಓಡುತ್ತಿರುವಾಗ, ಪಂಪು ಟೈರ್ ತುಂಬುತ್ತಿರುವಾಗ, ಪಂಪಿನ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಇಡಿ. 12.5 ವೋಲ್ಟಿಗಿಂತ ಮೇಲಿದ್ದರೆ ಸರಿ. 11.5ಕ್ಕಿಂತ ಕೆಳಗೆ ಬಂದರೆ ಎಲ್ಲೋ ಜಾಯಿಂಟ್ ಸಡಿಲವಿದೆ. ಕೈಯಿಟ್ಟು ನೋಡಿ, ಬಿಸಿಯಾದ ಜಾಯಿಂಟೇ ಕಳ್ಳ. ತುಂಬಿಸುವಾಗ ಎಂಜಿನ್ 1,200–1,500 ಆರ್‌ಪಿಎಂನಲ್ಲಿರಲಿ, ಐಡಲಿನಲ್ಲಿ ಆಲ್ಟರ್ನೇಟರ್ ಪೂರ್ತಿ ಕರೆಂಟ್ ಕೊಡುವುದಿಲ್ಲ.

ಜಾಗದ ವಿಷಯ: ಬಾನೆಟ್ಟಿನೊಳಗೆ ಇಡುವುದಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಎದುರು ಬದಿ. ಕಂಪನಿಯವರು ಹೇಳುವ ‘ಡ್ಯೂಟಿ ಸೈಕಲ್’ 22 ಡಿಗ್ರಿಯಂಥ ತಂಪಿನಲ್ಲಿ ಅಳೆದದ್ದು. 33 ಪರ್ಸೆಂಟ್ ಎಂದರೆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಓಟ, ಇಪ್ಪತ್ತು ನಿಮಿಷ ವಿಶ್ರಾಂತಿ. ಘಟ್ಟ ಹತ್ತಿ ಬಂದ ಗಾಡಿಯ ಬಾನೆಟ್ಟಿನೊಳಗೆ ಆ ಹತ್ತು ನಿಮಿಷ ಆರೇಳಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಗಾಳಿ ತುಂಬುವಾಗ ಬಾನೆಟ್ ತೆರೆದಿಡಿ.

ಪ್ರಶ್ನೆ: ನನ್ನ ಜಿಮ್ನಿಯ ಹಿಂದಿನ ಆಕ್ಸಲ್‌ಗೆ ಏರ್ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಗಾಳಿಯ ಒತ್ತಡದಿಂದ ಡಿಫರೆನ್ಶಿಯಲ್ ಲಾಕ್ ಮಾಡುವ ಸಾಧನ) ಹಾಕಿಸುವ ಯೋಚನೆ ಇದೆ. ಅದಕ್ಕೂ ಟೈರಿಗೂ ಒಂದೇ ಪಂಪು ಸಾಕೇ? ಟ್ಯಾಂಕ್ ಇದ್ದರೆ ಟೈರ್ ಬೇಗ ತುಂಬುತ್ತದೆ ಅನ್ನುತ್ತಾರೆ. ನಮ್ಮ ಕಡೆ ಉಪ್ಪುಗಾಳಿ, ಸೆಕೆ. ತುಕ್ಕಿಗೆ ಏನು ಮಾಡಬೇಕು?
— ಕುಂದಾಪುರದಿಂದ

ಉತ್ತರ: ಒಂದೇ ಪಂಪು ಸಾಕು. ಲಾಕರ್‌ಗೆ ಒತ್ತಡ ಬೇಕು, ಗಾಳಿಯ ಪ್ರಮಾಣ ಬಹಳ ಕಡಿಮೆ. ಲಾಕರ್‌ಗೆಂದೇ ಮಾಡಿದ ಪಂಪುಗಳು ಪ್ರೆಶರ್ ಸ್ವಿಚ್ ಸಮೇತ ಬರುತ್ತವೆ. ಎಆರ್‌ಬಿಯದು 135 ಪಿಎಸ್‌ಐಗೆ ಇಳಿದಾಗ ಶುರುವಾಗಿ 150ಕ್ಕೆ ನಿಲ್ಲುತ್ತದೆ. ಟೈರ್ ಪಂಪನ್ನೇ ಲಾಕರ್‌ಗೆ ಒಗ್ಗಿಸುವುದಾದರೆ ಈ ಸ್ವಿಚ್, ಸೇಫ್ಟಿ ವಾಲ್ವ್, ಸೋಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಎಲ್ಲವನ್ನೂ ನೀವೇ ಹೊಂದಿಸಬೇಕು.

ಟ್ಯಾಂಕಿನ ವಿಷಯದಲ್ಲಿ ಜನ ಹೇಳುವುದು ಅರ್ಧ ಸತ್ಯ. ಗಾಡಿಯಲ್ಲಿ ಹಿಡಿಸುವುದು 4 ಲೀಟರ್ ಟ್ಯಾಂಕ್. ಅದು 150ರಿಂದ 100 ಪಿಎಸ್‌ಐಗೆ ಇಳಿಯುವಾಗ ಕೊಡುವುದು 13–14 ಲೀಟರ್ ಗಾಳಿ. ನಿಮ್ಮ 195/80 ಆರ್ 15 ಟೈರಿನ ಒಳಜಾಗ 40 ಲೀಟರ್ ಆಸುಪಾಸು. ಅದನ್ನು 14 ಪಿಎಸ್‌ಐ ಏರಿಸಲು 38–39 ಲೀಟರ್ ಬೇಕು. ಮೊದಲ ಟೈರಿನ ಮೂರನೇ ಒಂದು ಪಾಲು ಬೇಗ ತುಂಬುತ್ತದೆ, ಉಳಿದದ್ದೆಲ್ಲ ಪಂಪಿನ ವೇಗದಲ್ಲೇ. ಟ್ಯಾಂಕ್ ಉಪಯೋಗಕ್ಕೆ ಬರುವುದು ಬೇರೆ ಕೆಲಸಗಳಿಗೆ: ಏರ್ ಫಿಲ್ಟರಿನ ದೂಳು ಊದಲು, ರಿಮ್ಮಿನಿಂದ ಕಳಚಿದ ಟೈರನ್ನು ಒಂದೇ ಏಟಿಗೆ ಕೂರಿಸಲು, ಲಾಕರ್ ಹಾಕಿದಾಗೆಲ್ಲ ಪಂಪು ತಟಕ್ಕನೆ ಓಡದಿರಲು.

ಕರಾವಳಿಯಲ್ಲಿ ಟ್ಯಾಂಕಿನ ಶತ್ರು ಹೊರಗಿನ ಉಪ್ಪಷ್ಟೇ ಅಲ್ಲ, ಒಳಗಿನ ನೀರೂ ಹೌದು. 30 ಡಿಗ್ರಿ ಸೆಕೆ, 90 ಪರ್ಸೆಂಟ್ ತೇವ ಇರುವ ದಿನ 250 ಲೀಟರ್ ಗಾಳಿಯೊಳಗೆ ಆರೇಳು ಗ್ರಾಂ ನೀರು ಆವಿಯಾಗಿ ಅಡಗಿರುತ್ತದೆ, ಒಂದು ಚಮಚಕ್ಕಿಂತ ಹೆಚ್ಚು. ಅದುಮಿ ತಣಿಸಿದಾಗ ಅದು ಟ್ಯಾಂಕಿನ ತಳ ಸೇರುತ್ತದೆ. ಆದ್ದರಿಂದ ತಳದಲ್ಲಿ ಡ್ರೈನ್ ಕಾಕ್ ಇರಲೇಬೇಕು, ವಾರಕ್ಕೊಮ್ಮೆ, ಮಳೆಗಾಲದಲ್ಲಿ ಬಳಸಿದ ದಿನವೇ, ತಿರುಗಿಸಿ ನೀರು ಬಿಡಬೇಕು. ಅಲ್ಯೂಮಿನಿಯಂ ಟ್ಯಾಂಕ್ ನಿಮ್ಮ ಊರಿಗೆ ವಾಸಿ. 150 ಪಿಎಸ್‌ಐ ಅಂದರೆ ಹತ್ತು ಬಾರ್‌ಗಿಂತ ಹೆಚ್ಚು. ಹಳೆಯ ಗ್ಯಾಸ್ ಸಿಲಿಂಡರಿಗೋ ಬೆಂಕಿ ಆರಿಸುವ ಸಿಲಿಂಡರಿಗೋ ನಟ್ ವೆಲ್ಡ್ ಮಾಡಿ ಟ್ಯಾಂಕ್ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ಅದು ಸೀಟಿನ ಕೆಳಗೆ ಬಾಂಬು ಇಟ್ಟುಕೊಂಡಂತೆ.

ಜೋಡಿಸುವ ಕ್ರಮ: ಪಂಪಿನ ತಲೆಯಿಂದ ಮೊದಲು ಸ್ಟೀಲ್ ಹೆಣಿಗೆಯ ಪೈಪು, ನಂತರ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ನಂತರ ಟ್ಯಾಂಕ್, ಅದರ ಮೇಲೆ ಪ್ರೆಶರ್ ಸ್ವಿಚ್, 175 ಪಿಎಸ್‌ಐಗೆ ತೆರೆಯುವ ಸೇಫ್ಟಿ ವಾಲ್ವ್, ಗೇಜ್. ಪಂಪಿನ ತಲೆಗೆ ನೇರ ನೀಲಿ ಪಿಯು (ಪ್ಲಾಸ್ಟಿಕ್) ಪೈಪು ಚುಚ್ಚಬೇಡಿ. ಅಲ್ಲಿಂದ ಹೊರಬರುವ ಗಾಳಿ ಕುದಿಯುವಷ್ಟು ಬಿಸಿ, ಪಿಯು ಪೈಪು 60 ಡಿಗ್ರಿಗೇ ಮೆತ್ತಗಾಗುತ್ತದೆ, ಆಮೇಲೆ ಫಿಟ್ಟಿಂಗಿನಿಂದ ಕಿತ್ತುಬರುತ್ತದೆ.

ಇನ್ನೊಂದು ಸಣ್ಣ ವಿಷಯ ದೊಡ್ಡ ತಲೆನೋವು ಕೊಡುತ್ತದೆ. ಹೊರದೇಶದ ಪಂಪುಗಳ ಕಾಲಿಂಚಿನ ಮರೆ (ಥ್ರೆಡ್) ಸಾಮಾನ್ಯವಾಗಿ ಎನ್‌ಪಿಟಿ ಎಂಬ ಅಮೆರಿಕದ ಅಳತೆ, ಇಂಚಿಗೆ 18 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಬಿಎಸ್‌ಪಿ ಎಂಬ ಬ್ರಿಟಿಷ್ ಅಳತೆ, ಇಂಚಿಗೆ 19. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಕೂತಿತು ಅನ್ನಿಸುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಸೋರುತ್ತದೆ, ಇನ್ನೂ ಬಿಗಿದರೆ ಅಲ್ಯೂಮಿನಿಯಂ ತಲೆಯ ಮರೆ ಕಿತ್ತುಹೋಗುತ್ತದೆ. ಸರಿಯಾದ ಅಡಾಪ್ಟರ್ ಹಾಕಿ. ಎಲ್ಲ ಮುಗಿದ ಮೇಲೆ 150ಕ್ಕೆ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ರಾತ್ರಿ ಬಿಟ್ಟು ಬೆಳಿಗ್ಗೆ ಗೇಜ್ ನೋಡಿ. ರಾತ್ರಿಯ ತಂಪಿಗೆ ನಾಲ್ಕೈದು ಪಿಎಸ್‌ಐ ಇಳಿದರೆ ಸಹಜ, ಅರ್ಧಕ್ಕೆ ಬಂದಿದ್ದರೆ ಸೋರಿಕೆ.

ಲಾಕರ್ ಹಾಕಿಸಿದ ಮೇಲೆ ಗಮನಿಸಬೇಕಾದದ್ದು: ಲಾಕರ್ ಆಫ್ ಇದ್ದಾಗಲೂ ಪಂಪು ಆಗಾಗ ಓಡಿದರೆ ಫಿಟ್ಟಿಂಗಿನಲ್ಲಿ ಸೋರಿಕೆ. ಆನ್ ಮಾಡಿದಾಗ ಮಾತ್ರ ಹಾಗಾದರೆ ಲಾಕರಿಗೆ ಹೋಗುವ ಪೈಪಿನಲ್ಲೋ ಅಥವಾ ಡಿಫರೆನ್ಶಿಯಲ್ ಒಳಗಿನ ಓ-ರಿಂಗಿನಲ್ಲೋ. ಸೋಲೆನಾಯ್ಡಿನ ಬಾಯಿಂದ ಗೇರ್ ಆಯಿಲ್ ಉಗುಳಿದರೂ ಆ ರಿಂಗನ್ನೇ ಅನುಮಾನಿಸಿ.

ಪ್ರಶ್ನೆ: ಹಳೆಯ ಎಂಎಂ540 ಜೀಪಿದೆ. ಗುಜರಿಯಲ್ಲಿ ಸಿಗುವ ಕಾರ್ ಎಸಿ ಕಂಪ್ರೆಸರನ್ನು ಎಂಜಿನ್ ಬೆಲ್ಟಿಗೆ ಕೊಟ್ಟರೆ ಕರೆಂಟಿನ ರಗಳೆಯೇ ಇಲ್ಲವಲ್ಲ?
— ಚಿಕ್ಕಮಗಳೂರಿನಿಂದ

ಉತ್ತರ: ಕರೆಂಟಿನ ರಗಳೆ ತಪ್ಪುತ್ತದೆ, ಆಯಿಲಿನ ರಗಳೆ ಶುರುವಾಗುತ್ತದೆ. ಗಾಳಿಯೇನೋ ಧಾರಾಳ. ಸ್ಯಾಂಡನ್ 508 ಎಂಬ ಎಸಿ ಕಂಪ್ರೆಸರ್ ಒಂದು ಸುತ್ತಿಗೆ 138 ಸಿಸಿ ಎಳೆದುಕೊಳ್ಳುತ್ತದೆ, 1,500 ಸುತ್ತಿಗೆ ಲೆಕ್ಕದಲ್ಲಿ ನಿಮಿಷಕ್ಕೆ 200 ಲೀಟರ್ ಮೇಲಾಯಿತು. ನಷ್ಟ ಕಳೆದರೂ ಯಾವ ಒಂಟಿ ಮೋಟಾರಿನ ಪಂಪೂ ಹತ್ತಿರ ಬರುವುದಿಲ್ಲ. ಕ್ಲಚ್ಚಿಗೆ ಬೇಕಾದದ್ದು ಮೂರು ನಾಲ್ಕು ಆಂಪಿಯರ್.

ಆದರೆ ಈ ಕಂಪ್ರೆಸರಿಗೆ ತನ್ನದೇ ಆಯಿಲ್ ಚೇಂಬರ್ ಇಲ್ಲ. ಎಸಿಯಲ್ಲಿ ಆಯಿಲ್ ಗ್ಯಾಸಿನ ಜೊತೆ ಸುತ್ತಿ ಮತ್ತೆ ಮನೆಗೆ ಬರುತ್ತದೆ. ಗಾಳಿ ತುಂಬುವಾಗ ಹೊರಹೋದ ಆಯಿಲ್ ವಾಪಸ್ ಬರುವುದಿಲ್ಲ. ಒಳಬಾಯಿಯಲ್ಲಿ ಹನಿಹನಿಯಾಗಿ ಆಯಿಲ್ ಕೊಡುವ ಏರ್‌ಲೈನ್ ಲೂಬ್ರಿಕೇಟರ್, ಹೊರಬಾಯಿಯಲ್ಲಿ ಆಯಿಲ್ ಹಿಡಿದಿಡುವ ಸೆಪರೇಟರ್, ಎರಡೂ ಬೇಕು. ಮೊದಲನೆಯದು ಮರೆತರೆ ಕಂಪ್ರೆಸರ್ ಜಾಮ್, ಎರಡನೆಯದು ಮರೆತರೆ ಟೈರಿನೊಳಗೆ ಆಯಿಲ್, ರಬ್ಬರ್ ಹಾಳು. ಒಳಬಾಯಿಗೆ ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ನಿಮ್ಮ ಕಡೆಯ ಕೆಂಪು ದೂಳು ಪಿಸ್ಟನ್ ರಿಂಗುಗಳನ್ನು ತಿಂದುಹಾಕುತ್ತದೆ. ಕ್ಲಚ್ ಲೈನಿನಲ್ಲಿ ಪ್ರೆಶರ್ ಸ್ವಿಚ್, ಲೈನಿನಲ್ಲಿ ಸೇಫ್ಟಿ ವಾಲ್ವ್ ಇಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಎಂಜಿನ್ನಿನ ಬಲಕ್ಕೆ 150ಕ್ಕೇ ನಿಲ್ಲಬೇಕೆಂಬುದು ಗೊತ್ತಿರುವುದಿಲ್ಲ. ಸ್ಪ್ಯಾನರ್ ಹಿಡಿಯುವುದೇ ಖುಷಿ ಅನ್ನುವವರಿಗೆ ಇದು ಒಳ್ಳೆಯ ಕೆಲಸ. ಬರೀ ಗಾಳಿ ಬೇಕಾದವರು ಎಲೆಕ್ಟ್ರಿಕ್ ಪಂಪು ಕೊಂಡುಬಿಡಲಿ.

ಪ್ರಶ್ನೆ: ಎರೆಮಣ್ಣಿನ ಹೊಲದಲ್ಲಿ ಟ್ರ್ಯಾಕ್ಟರ್ ಪಂಕ್ಚರ್ ಆದರೆ ಊರಿನಿಂದ ಪಂಪು ಬರುವ ತನಕ ಕಾಯಬೇಕು. ಬೊಲೆರೋದಲ್ಲಿ ಪಂಪು ಇಟ್ಟರೆ ಟ್ರ್ಯಾಕ್ಟರಿನ 13.6-28 ದೊಡ್ಡ ಗಾಲಿಗೆ ಗಾಳಿ ಹಾಕಬಹುದೇ? ಗಾಲಿ ಬಿಚ್ಚುವ ಗಾಳಿ ಗನ್ನೂ ಓಡೀತೇ?
— ಗದಗದಿಂದ

ಉತ್ತರ: ಗಾಳಿ ಹಾಕಬಹುದು, ಗನ್ ಓಡುವುದಿಲ್ಲ. ಅರ್ಧ ಇಂಚಿನ ಇಂಪ್ಯಾಕ್ಟ್ ಗನ್‌ಗೆ 90 ಪಿಎಸ್‌ಐಯಲ್ಲಿ ನಿಮಿಷಕ್ಕೆ 110–140 ಲೀಟರ್ ಬೇಕು. ಆ ಒತ್ತಡದಲ್ಲಿ ಒಂಟಿ ಪಂಪು ಅದರ ಅರ್ಧವನ್ನೂ ಕೊಡಲಾರದು. ಬ್ಯಾಟರಿ ಗನ್ ಇಟ್ಟುಕೊಳ್ಳುವುದು ಲೇಸು.

ಗಾಲಿಯ ಗಾತ್ರಕ್ಕೆ ಹೆದರಬೇಡಿ. ಒಳಜಾಗ 250 ಲೀಟರ್ ಮೇಲಿದ್ದರೂ ಬೇಕಾದ ಒತ್ತಡ 12–14 ಪಿಎಸ್‌ಐ ಅಷ್ಟೇ. ಪೂರ್ತಿ ಖಾಲಿಯಿಂದ ಶುರು ಮಾಡಿದರೂ 240 ಲೀಟರ್ ಗಾಳಿ, 60 ಲೀಟರ್ ಪಂಪಿಗೆ ನಾಲ್ಕೈದು ನಿಮಿಷ. ಒತ್ತಡ ಕಡಿಮೆ ಇರುವುದರಿಂದ ಪಂಪು ಅಷ್ಟಾಗಿ ದಣಿಯುವುದೂ ಇಲ್ಲ.

ಭಾರಕ್ಕೆಂದು ಗಾಲಿಗೆ ನೀರು ತುಂಬಿಸಿದ್ದರೆ ಮಾತ್ರ ಎಚ್ಚರ. ಮುಕ್ಕಾಲು ಪಾಲು ನೀರಿರುವಾಗ ಗಾಳಿಗೆ ಉಳಿಯುವುದು ಕಾಲು ಜಾಗ, ಒಂದು ನಿಮಿಷದಲ್ಲೇ ಒತ್ತಡ ಏರಿಬಿಡುತ್ತದೆ. ವಾಲ್ವ್ ಮೇಲಕ್ಕೆ, ಗಡಿಯಾರದ 12ರ ಜಾಗಕ್ಕೆ ಬರುವಂತೆ ಗಾಲಿ ನಿಲ್ಲಿಸಿ. ಕೆಳಗಿದ್ದರೆ ನೀರು ಹಿಂದಕ್ಕೆ ಚಿಮ್ಮಿ ಗೇಜು, ಪಂಪಿನ ವಾಲ್ವು ಎರಡಕ್ಕೂ ನುಗ್ಗುತ್ತದೆ.

ಪ್ರಶ್ನೆ: ಇಲ್ಲಿ ವಾರಾಂತ್ಯಕ್ಕೆ ಮರಳುಗಾಡಿಗೆ ಹೋಗುತ್ತೇವೆ. ಟೈರ್ 285/70 ಆರ್ 17, 14ಕ್ಕೆ ಇಳಿಸಿ ಮತ್ತೆ 35ಕ್ಕೆ ತುಂಬಬೇಕು. ಒಂಟಿ ಮೋಟಾರೋ, ಜೋಡಿಯೋ? ತುಂಬುವಾಗ ಗೇಜ್ 35 ತೋರಿಸುತ್ತದೆ, ತೆಗೆದು ನೋಡಿದರೆ 30!
— ದುಬೈಯಿಂದ

ಉತ್ತರ: ನಿಮಗೆ ಜೋಡಿ. ಒಂದು ಟೈರಿಗೆ 90 ಲೀಟರ್ ಜಾಗ, ಏರಿಸಬೇಕಾದದ್ದು 21 ಪಿಎಸ್‌ಐ, ಅಂದರೆ ಟೈರಿಗೆ ಸುಮಾರು 130, ನಾಲ್ಕಕ್ಕೆ 515 ಲೀಟರ್. 62 ಲೀಟರಿನ ಪಂಪಿಗೆ ಲೆಕ್ಕದಲ್ಲೇ ಎಂಟು ನಿಮಿಷ ದಾಟುತ್ತದೆ, ನಿಜದಲ್ಲಿ ಹದಿನೈದಕ್ಕೆ ಹತ್ತಿರ. 45 ಡಿಗ್ರಿ ಬಿಸಿಲಿನಲ್ಲಿ ಒಂಟಿ ಪಂಪಿನ ಥರ್ಮಲ್ ಕಟ್‌ಔಟ್ (ಅತಿಯಾಗಿ ಕಾದಾಗ ಮೋಟಾರು ನಿಲ್ಲಿಸುವ ಸ್ವಿಚ್) ನಡುವೆಯೇ ಪಂಪು ನಿಲ್ಲಿಸಿಬಿಡುವ ಸಂಭವ ಹೆಚ್ಚು. ಜೋಡಿಗೆ 16 ಚದರ ಮಿ.ಮೀ. ಕೇಬಲ್ ಎಳೆಯಿರಿ. ಎಆರ್‌ಬಿಯ ಜೋಡಿ ಪಂಪಿನ ವೈರಿಂಗಿನಲ್ಲಿ 40 ಆಂಪಿಯರ್‌ನ ಎರಡು ಫ್ಯೂಸ್ ಬರುತ್ತವೆ, ಅವುಗಳ ಬದಲಿ ಗಾಡಿಯಲ್ಲಿಟ್ಟಿರಿ. 40 ಆಂಪಿಯರ್‌ನ ಒಂದೇ ರಿಲೇಗೆ ಎರಡೂ ಮೋಟಾರನ್ನು ಕಟ್ಟಬೇಡಿ.

ಗೇಜು ಸುಳ್ಳು ಹೇಳುತ್ತಿಲ್ಲ. ಗಾಳಿ ಹರಿಯುವಾಗ ಅದು ತೋರಿಸುವುದು ಪೈಪಿನೊಳಗಿನ ಒತ್ತಡ, ವಾಲ್ವ್ ಪಿನ್ನಿನ ಆಚೆ ಟೈರಿನಲ್ಲಿ ಅಷ್ಟಿರುವುದಿಲ್ಲ. ಗಾಳಿ ನಿಲ್ಲಿಸಿ ಎರಡು ಸೆಕೆಂಡ್ ಬಿಟ್ಟು ಓದಿ. ಹಾಗೆಯೇ, ಮರಳಿನಲ್ಲಿ ಓಡಿ ಬಂದ ಟೈರ್ ಕಾದಿರುತ್ತದೆ. 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಲೆಕ್ಕ. ಬಿಸಿಯಲ್ಲಿ 35 ತುಂಬಿದ್ದು ಮರುದಿನ ಬೆಳಿಗ್ಗೆ 31–32 ಇರಬಹುದು, ಆಗ ಸರಿಮಾಡಿಕೊಳ್ಳಿ.

ನಾಲ್ಕು ಟೈರಿಗೂ ಒಟ್ಟಿಗೆ ಚುಚ್ಚುವ ನಾಲ್ಕು ಕವಲಿನ ಪೈಪು ಸಿಗುತ್ತದೆ. ಅದರಿಂದ ಪಂಪಿನ ಕೆಲಸ ಕಡಿಮೆಯಾಗುವುದಿಲ್ಲ, ತುಂಬಬೇಕಾದ ಗಾಳಿ ಅಷ್ಟೇ. ಆದರೆ ಸುಡುವ ಮರಳಿನಲ್ಲಿ ನಾಲ್ಕು ಸಲ ಕೂತೇಳುವುದು ತಪ್ಪುತ್ತದೆ, ನಾಲ್ಕೂ ಟೈರ್ ಒಂದೇ ಒತ್ತಡಕ್ಕೆ ಬರುತ್ತವೆ.

ಪ್ರಶ್ನೆ: ಹೊಸ ಗಾಡಿ, ವಾರಂಟಿ ಇದೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಡಬ್ಬಿ, ಅದಕ್ಕೊಂದು ಪ್ಲಗ್. ಪಂಪಿನ ಅರ್ತನ್ನು ಅಲ್ಲೇ ಕೊಡಬಹುದೇ?
— ಬೆಂಗಳೂರಿನಿಂದ

ಉತ್ತರ: ಬೇಡ. ಅದು ಬ್ಯಾಟರಿ ಸೆನ್ಸರ್, ಒಳಹೋಗುವ ಹೊರಬರುವ ಕರೆಂಟನ್ನೆಲ್ಲ ಎಣಿಸುತ್ತದೆ. ಅರ್ತನ್ನು ನೇರ ಬ್ಯಾಟರಿಯ ಕಂಬಕ್ಕೆ ಕೊಟ್ಟರೆ ಪಂಪು ಕುಡಿದ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಚಾರ್ಜಿಂಗ್ ಮತ್ತು ಸ್ಟಾರ್ಟ್-ಸ್ಟಾಪ್ ಎಡವಟ್ಟಾಗುತ್ತವೆ. ಸೆನ್ಸರಿನ ಆಚೆ, ಚಾಸಿಗೆ ಕೊಡಿ. ಕಂಪನಿಯ ವೈರಿಂಗ್ ಕತ್ತರಿಸಿ ಜೋಡಿಸಬೇಡಿ. ಇಗ್ನಿಷನ್ ಸಿಗ್ನಲಿಗೆ ಫ್ಯೂಸ್ ಬಾಕ್ಸಿಗೆ ಚುಚ್ಚುವ ಫ್ಯೂಸ್ ಟ್ಯಾಪ್ ಸಾಕು, ಬೇಕಾದಾಗ ಕಿತ್ತರೆ ಗುರುತೂ ಉಳಿಯುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಪಂಪು. ಶಬ್ದ ಮೊದಲಿನಂತೆಯೇ ಇದೆ, ಆದರೆ 22 ಪಿಎಸ್‌ಐ ದಾಟುವುದಿಲ್ಲ.
— ಶಿರಸಿಯಿಂದ

ಉತ್ತರ: ಮೊದಲು ಫಿಲ್ಟರ್ ಬಿಚ್ಚಿಟ್ಟು ಓಡಿಸಿ ನೋಡಿ. ಒತ್ತಡ ಏರಿದರೆ ಸ್ಪಾಂಜು ದೂಳು ಕುಡಿದಿದೆ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಪೈಪು, ಕಪ್ಲರ್, ಚಕ್ಕಿನ (ವಾಲ್ವಿಗೆ ಕೂರುವ ತುದಿಯ) ರಬ್ಬರಿಗೆ ಸೋಪಿನ ನೀರು ಹಚ್ಚಿ. ಅಲ್ಲೂ ಗುಳ್ಳೆ ಇಲ್ಲವಾದರೆ ತಲೆಯ ನಾಲ್ಕು ಸ್ಕ್ರೂ ಬಿಚ್ಚಿ. ತೆಳು ಸ್ಟೀಲಿನ ರೀಡ್ ವಾಲ್ವಿನ ಕೆಳಗೆ ಮಣ್ಣಿನ ಕಣ ಕೂತಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಒರೆಸಿದರೆ ಸರಿಹೋಗುತ್ತದೆ. ಅದೂ ಚೊಕ್ಕಟವಾಗಿದ್ದರೆ ಪಿಸ್ಟನ್ನಿನ ಟೆಫ್ಲಾನ್ ರಿಂಗ್ ಸವೆದಿದೆ. ಹೆಸರಾಂತ ಪಂಪುಗಳಿಗೆ ರಿಂಗ್ ಮತ್ತು ಗ್ಯಾಸ್ಕೆಟ್ಟಿನ ಕಿಟ್ ಸಿಗುತ್ತದೆ, ಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳಬೇಕಾದ ವಿಷಯ ಇದು. ಸವೆದ ರಿಂಗಿಗೆ ಆಯಿಲ್ ಬಿಟ್ಟು ಓಡಿಸುವ ಉಪಾಯ ಬೇಡ. ಆಯಿಲ್ ಇಲ್ಲದೆ ಓಡಲೆಂದೇ ಮಾಡಿದ ಪಂಪಿಗೆ ಆಯಿಲ್ ಸೇರಿದರೆ ದೂಳಿನೊಡನೆ ಕಲೆತು ಅರೆಯುವ ಕಲ್ಲಿನಂತಾಗುತ್ತದೆ.

ಪ್ರಶ್ನೆ: ಕೆಸರಿನಲ್ಲಿ ಟೈರ್ ರಿಮ್ ಬಿಟ್ಟು ಹೊರಬಂದರೆ ಈ ಪಂಪಿನಿಂದ ಕೂರಿಸಬಹುದೇ? ಪೆಟ್ರೋಲ್ ಹಾಕಿ ಕಡ್ಡಿ ಗೀರುವ ವಿಡಿಯೊ ನೋಡಿದ್ದೇನೆ.
— ಸೋಮವಾರಪೇಟೆಯಿಂದ

ಉತ್ತರ: ಕಡ್ಡಿಯ ಮಾತು ಬಿಡಿ, ಕೈ ಮುಖ ಸುಟ್ಟುಕೊಳ್ಳುವ ಕೆಲಸ ಅದು. ಗಾಡಿ ಜಾಕ್ ಮಾಡಿ, ರಿಮ್ಮಿನ ಅಂಚು ಮತ್ತು ಟೈರಿನ ತುಟಿಯ ಕೆಸರು ಒರೆಸಿ, ಸೋಪಿನ ನೀರು ಬಳಿಯಿರಿ. ಟೈರಿನ ನಡುಮೈಗೆ ಸುತ್ತಲೂ ರ‍್ಯಾಚೆಟ್ ಬೆಲ್ಟ್ ಕಟ್ಟಿ ಬಿಗಿದರೆ ತುಟಿಗಳು ರಿಮ್ಮಿನತ್ತ ಅಗಲಕ್ಕೆ ಹರಡುತ್ತವೆ. ವಾಲ್ವ್ ಪಿನ್ ಬಿಚ್ಚಿ ಗಾಳಿ ಬಿಡಿ, ದಾರಿ ಅಗಲವಾದಷ್ಟೂ ಗಾಳಿ ರಭಸ. ಟ್ಯಾಂಕ್ ಇದ್ದರೆ ಅದನ್ನು 150ಕ್ಕೆ ತುಂಬಿಟ್ಟು ಒಮ್ಮೆಲೇ ಬಿಡಿ. ಟೈರ್ ಉಬ್ಬತೊಡಗಿದ ಕೂಡಲೇ ಬೆಲ್ಟ್ ಸಡಿಲಿಸಿ. ‘ಟಪ್’ ಎಂದು ಎರಡು ಸಲ ಕೇಳಿಸಬೇಕು. 40 ಪಿಎಸ್‌ಐ ತನಕವೂ ಕೂರದಿದ್ದರೆ ಅಲ್ಲಿಗೇ ನಿಲ್ಲಿಸಿ ಗಾಳಿ ಬಿಟ್ಟು, ಸೋಪು ಬಳಿದು ಮತ್ತೆ ಶುರುಮಾಡಿ.

ಪ್ರಶ್ನೆ: ಟ್ಯಾಂಕು ಹೇಗೂ ಇದೆ. ಬಸ್ಸಿನ ಮ್ಯೂಸಿಕಲ್ ಹಾರ್ನ್ ಕೂಡಿಸಿಬಿಡಲೇ?
— ಹಾಸನದಿಂದ

ಉತ್ತರ: ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಬೇರೆ ಬೇರೆ ಸ್ವರ ಹೊರಡಿಸುವ, ಕಿವಿಗಡಚಿಕ್ಕುವ ಹಾರ್ನ್‌ಗಳನ್ನು ನಿಷೇಧಿಸಿದೆ. ಆ ಕವಲಿಗೆ ಹಾರ್ನ್ ಬದಲು ದೂಳು ಊದುವ ಗನ್ ಹಾಕಿ.